ಕೊಳೆತ ಸೂರಿನ ಹಲಗೆ ಮೇಲೆ ಹೊಸದು ಹೊಡೆಯೋಕೆ ಬಿಡಬೇಡಿ

ಹೆಂಚಿನ ಮನೆ ಇರುವವರು, ಅದರಲ್ಲೂ ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ, ದಯವಿಟ್ಟು ಇದನ್ನು ಓದಿ.

ನಮ್ಮ ಅಮ್ಮನ ಮನೆ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿದೆ. ಹಳೆಯದು, ಮಂಗಳೂರು ಹೆಂಚಿನದು. ಸೂರಿನ ಅಂಚಿನ ಹಲಗೆ ಅಲ್ಲಲ್ಲಿ ಕೊಳೆತಿತ್ತು, ಮಳೆನೀರು ಹರಿದು ಹೋಗೋಕೆ ಅಂಚಿಗೆ ಹಾಕಿದ್ದ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿತ್ತು. ಕೆಲಸ ಹುಡುಕಿಕೊಂಡು ಬೀದಿಗೆ ಬಂದ ಒಬ್ಬ ಕಂಟ್ರಾಕ್ಟರು "ಅಮ್ಮಾ, ಹೆಂಚು ಮುಟ್ಟೋದೇ ಬೇಡ, ಒಂದೇ ದಿನದಲ್ಲಿ ಮುಗಿಸಿಕೊಡ್ತೀನಿ" ಎಂದ. ಬಿಳಿ ಪಿವಿಸಿ ಹಲಗೆ, ಹೊಸ ದೋಣಿ, ನೋಡೋಕೆ ಚೆನ್ನಾಗಿಯೇ ಇತ್ತು. ದುಡ್ಡು ಪೂರ್ತಿ ಎಣಿಸಿಕೊಂಡು ಹೋದ.

ಅಕ್ಟೋಬರ್ ಮಳೆ ಹಿಡಿಯಿತು ನೋಡಿ, ನೀರು ದೋಣಿ ಬಿಟ್ಟು ಗೋಡೆ ಮೇಲೆ ಇಳಿದು ಮಲಗುವ ಕೋಣೆಯ ಗಾರೆಯೆಲ್ಲ ಉಬ್ಬಿತು. ಆಮೇಲೆ ಒಂದು ರಾತ್ರಿ ದೋಣಿಯ ಒಂದು ತುಂಡು ಹಲಗೆ ಸಮೇತ ಕಿತ್ತುಕೊಂಡು ಬಿತ್ತು. ಅಮ್ಮ ಬೆಳಿಗ್ಗೆ ರಂಗೋಲಿ ಹಾಕುವ ಜಾಗ ಅದು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆತ ಫೋನೇ ಎತ್ತಲಿಲ್ಲ.

ಪರಿಚಯದ ಬಡಗಿಯೊಬ್ಬರು ಕೆಳಗಿನ ಸಾಲಿನ ಹೆಂಚು ಸರಿಸಿ ತೋರಿಸಿದರು. ಹಳೇ ಹಲಗೆಯನ್ನು ಕಿತ್ತೇ ಇರಲಿಲ್ಲ! ಅದರ ಮೇಲೇ ತೆಳು ಪಿವಿಸಿ ಹೊಡೆದು ಮುಚ್ಚಿದ್ದರು. ಒಳಗೆ ಗೆದ್ದಲು, ಹೆಂಚಿನ ಭಾರ ಹೊರುವ ಮರದ ತೀರುಗಳ ತುದಿ ಬೆರಳಲ್ಲಿ ಒತ್ತಿದರೆ ಪುಡಿ. ಅಂಥದ್ದರಲ್ಲಿ ಸ್ಕ್ರೂ ಎಲ್ಲಿ ನಿಲ್ಲುತ್ತೆ? ಹೀಗೆ ಮುಚ್ಚಿದರೆ ತೇವ ಒಳಗೇ ಉಳಿದು ಮರ ಇನ್ನೂ ಬೇಗ ಕೊಳೆಯುತ್ತದೆ.

ದೋಣಿಯ ಕೆಲಸವೂ ಅಷ್ಟೇ ಕೆಟ್ಟದಾಗಿತ್ತು. ವಾಟ, ಅಂದರೆ ಇಳಿಜಾರು, ನೀರು ಇಳಿಯುವ ಪೈಪಿನ ಕಡೆಗೆ ಹತ್ತು ಅಡಿಗೆ ಅರ್ಧ ಇಂಚಿನಷ್ಟಾದರೂ ಇರಬೇಕು, ಇಲ್ಲಿ ಉಲ್ಟಾ ಇತ್ತು. ಎರಡೂವರೆ ಅಡಿಯೊಳಗೆ ಒಂದೊಂದು ಬ್ರಾಕೆಟ್ಟು ಬೇಕಾದ ಕಡೆ ಐದಡಿಗೊಂದು ಹೊಡೆದಿದ್ದರು. ಹೆಂಚಿನ ತುದಿ ದೋಣಿಯೊಳಕ್ಕೆ ಸುಮಾರು ಎರಡು ಇಂಚು ಚಾಚಿರಬೇಕಿತ್ತು, ಅದೂ ಇಲ್ಲದೆ ನೀರು ದೋಣಿಯ ಹಿಂದಿನಿಂದ ಜಾರುತ್ತಿತ್ತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಸೂರಿನ ಮೇಲೆ 40 ಮಿಲಿಮೀಟರ್ ಮಳೆಯಾದರೆ 2,000 ಲೀಟರ್, ಅಷ್ಟೂ ಆ ದೋಣಿಯಲ್ಲೇ ಹೋಗಬೇಕು ಅಲ್ವಾ.

ಹಾಗಾಗಿ "ಹೆಂಚು ಮುಟ್ಟೋದು ಬೇಡ" ಅನ್ನುವವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಹಳೇ ಹಲಗೆ ಪೂರ್ತಿ ಕೀಳಿಸಿ, ತೀರಿನ ತುದಿಗಳನ್ನು ನೀವೇ ನೋಡಿ, ಇಲ್ಲವೇ ಫೋಟೋ ತೆಗೆಸಿಕೊಳ್ಳಿ. ನಾವು ಕೊಳೆತ ತುದಿ ಕತ್ತರಿಸಿ, ಪಕ್ಕಕ್ಕೆ ಹೊಸ ಮರ ಜೋಡಿಸಿ ಬೋಲ್ಟ್ ಹಾಕಿಸಿದೆವು. ಮರದ ಹಲಗೆಯಾದರೆ ಕೂರಿಸುವ ಮುಂಚೆಯೇ ಹಿಂಬದಿಗೂ, ಕೊಯ್ದ ತುದಿಗೂ ಪ್ರೈಮರ್ ಬಳಿಸಿ, ಆಮೇಲೆ ಅಲ್ಲಿಗೆ ಬ್ರಷ್ ಹೋಗಲ್ಲ.

ಬಿಲ್ ಕೇಳಿ ಪಡೆಯಿರಿ, ದುಡ್ಡು ಯುಪಿಐನಲ್ಲೇ ಕೊಡಿ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊನೆಯ ಕಂತು ಒಂದು ಜೋರು ಮಳೆ ಆದಮೇಲೇ ಅಂತ ಮೊದಲೇ ಬರೆಸಿಕೊಳ್ಳಿ. ಮಳೆಗಾಲ ಅಲ್ಲದಿದ್ದರೆ ಹೆಂಚಿನ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿಸಿ, ಪೈಪಿನಿಂದ ಸಲೀಸಾಗಿ ಇಳಿಯುತ್ತಾ ಅಂತ ಕೆಳಗೆ ನಿಂತು ನೋಡಿ.