ನಾನು ಮನೆಯಲ್ಲೇ ಇದ್ದೆ, ಆದರೂ ಹೀಗಾಯ್ತು

ಮಗು ನೋಡಿಕೊಳ್ಳೋಕೆ ಏಜೆನ್ಸಿಯಿಂದ ಹೆಂಗಸರನ್ನು ಕರೆಸುವವರು ಇದನ್ನೊಮ್ಮೆ ಓದಿ. ನಾನು ಕೆಲಸ ಬಿಟ್ಟು ಮನೆಯಲ್ಲಿರುವವಳು. ದೊಡ್ಡವಳು ಯುಕೆಜಿ, ಚಿಕ್ಕವನಿಗೆ ಎಂಟು ತಿಂಗಳು. ಅಮ್ಮ ಊರಲ್ಲಿ, ಅತ್ತೆಗೆ ಮಂಡಿನೋವು. ಹಗಲು ಹೊತ್ತು ಒಂದು ಕೈ ಜೊತೆಗಿರಲಿ ಅಂತ ಬೆಂಗಳೂರಿನ ಒಂದು ಏಜೆನ್ಸಿಗೆ ಫೋನ್ ಮಾಡಿದೆ. ಹೇಗೂ ನಾನು ಮನೆಯಲ್ಲೇ ಇರ್ತೀನಲ್ಲ, ಏನು ಭಯ ಅನ್ನೋ ಧೈರ್ಯ.

ಕಮಿಷನ್ 18,000 ರೂಪಾಯಿ, ಒಂದು ತಿಂಗಳ ಸಂಬಳದಷ್ಟು. 11 ತಿಂಗಳ ಅಗ್ರಿಮೆಂಟ್, ಎರಡು ಸಲ ರೀಪ್ಲೇಸ್‌ಮೆಂಟ್. "ಪೊಲೀಸ್ ವೆರಿಫಿಕೇಶನ್ ಎಲ್ಲಾ ಆಗಿದೆ ಮೇಡಂ" ಅಂದರು. ನನ್ನ ಕೈಗೆ ಬಂದದ್ದು ಮುಖ ಕಾಣದ ಒಂದು ಆಧಾರ್ ಜೆರಾಕ್ಸ್ ಅಷ್ಟೇ.

ಮೊದಲು ಬಂದವಳು ಒಂಬತ್ತನೇ ದಿನ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಎರಡನೆಯವರು ಐವತ್ತರ ಹತ್ತಿರ, ಸಮಾಧಾನದ ಹೆಂಗಸು. ಮಗು ಎರಡೇ ದಿನದಲ್ಲಿ ಒಗ್ಗಿಕೊಂಡ. ಮಧ್ಯಾಹ್ನ ಒಂದು ಗಂಟೆ ಮಲಗುತ್ತಿದ್ದವನು ಮೂರು ಗಂಟೆ ಮಲಗತೊಡಗಿದ. ನನಗೆ ಖುಷಿಯೋ ಖುಷಿ. ಬಟ್ಟೆ ಮಡಚಿದೆ, ನಿಧಾನವಾಗಿ ತಲೆಗೆ ಸ್ನಾನ ಮಾಡಿದೆ, ಒಂದು ದಿನ ನಾನೂ ಮಲಗಿಬಿಟ್ಟೆ. ಈಗ ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತದೆ.

ಒಂದು ರಾತ್ರಿ ದೊಡ್ಡವಳಿಗೆ ನೆಗಡಿ. ಫ್ರಿಜ್ ಬಾಗಿಲಲ್ಲಿದ್ದ ಸಿರಪ್ ತೆಗೆದರೆ ತಳ ಕಾಣುತ್ತಿದೆ. ನಾನು ಹಾಕಿದ್ದು ಎರಡೇ ಸಲ. ಬೆಳಿಗ್ಗೆ ಅವರನ್ನು ಕೇಳಿದೆ. ಮುಚ್ಚಿಡಲೇ ಇಲ್ಲ.

"ಪಾಪುಗೆ ಮೂಗು ಕಟ್ಟಿತ್ತಲ್ಲ ಅಕ್ಕ, ದಿನಾ ಒಂಚೂರು ಹಾಕ್ತಿದ್ದೆ. ಹಿಂದಿನ ಮನೇಲೂ ಇದನ್ನೇ ಹಾಕ್ತಿದ್ರು."

ಮಗುವನ್ನೂ ಬಾಟಲಿಯನ್ನೂ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಅದರಲ್ಲಿದ್ದದ್ದು ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್. ಮೊದಲನೆಯದು ಮಂಪರು ಬರಿಸುತ್ತದೆ. ಇವೆರಡೂ ಸೇರಿದ ಔಷಧಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ ಲೇಬಲ್ ಮೇಲೆ ಅಚ್ಚು ಹಾಕಿಸಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ನಮ್ಮ ಬಾಟಲಿ ಮೇಲೂ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಆ ಹೆಂಗಸಿಗೆ ಓದು ಬರುವುದಿಲ್ಲ. ನನಗೆ ಬರುತ್ತದೆ, ಓದಿರಲಿಲ್ಲ. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ.

ಏಜೆನ್ಸಿಯವರ ಉತ್ತರ: "ಔಷಧಿ ನಿಮ್ಮ ಮನೆಯದೇ ತಾನೇ ಮೇಡಂ?" ದುಡ್ಡು ವಾಪಸ್ ಇಲ್ಲ. ರೀಪ್ಲೇಸ್‌ಮೆಂಟ್ "ಸ್ಟಾಫ್ ಇದ್ದರೆ ಮಾತ್ರ" ಅಂತ ಅಗ್ರಿಮೆಂಟಿನ ಕೊನೇ ಪುಟದಲ್ಲಿತ್ತಂತೆ. ಐದು ವರ್ಷದ ಅನುಭವ ಅಂತ ಬರೆದುಕೊಟ್ಟಿದ್ದರು. ಹೋಗುವ ದಿನ ಆ ಹೆಂಗಸೇ ಹೇಳಿದರು, ಮಗು ನೋಡಿಕೊಂಡದ್ದು ಒಂದೇ ಮನೆಯಲ್ಲಿ, ನಾಲ್ಕು ತಿಂಗಳು. ಅವರ ಮೊದಲ ಸಂಬಳದಲ್ಲಿ ಅರ್ಧ ಏಜೆನ್ಸಿಯೇ ಇಟ್ಟುಕೊಂಡಿತ್ತು. ನನಗೆ ಸಿಟ್ಟು ಆ ಹೆಂಗಸಿನ ಮೇಲೆ ಅಲ್ಲ.

ಹಿಂದೆ ಕೆಲಸ ಮಾಡಿದ ಮನೆಯ ನಂಬರ್ ಕೇಳಿ, ನೀವೇ ಫೋನ್ ಮಾಡಿ. ನಂಬರ್ ಕೊಡದಿದ್ದರೆ ಅಲ್ಲಿಗೇ ಬಿಡಿ. ಆಧಾರ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿ. ಪೊಲೀಸ್ ವೆರಿಫಿಕೇಶನ್‌ಗೆ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಿ. ಕಮಿಷನ್ ಪೂರ್ತಿ ಮೊದಲೇ ಕೊಡಬೇಡಿ, ಎಷ್ಟೇ ಅವಸರ ಇದ್ದರೂ. ಮಗು ಇದ್ದಕ್ಕಿದ್ದಂತೆ ಜಾಸ್ತಿ ಮಲಗತೊಡಗಿದರೆ ನನ್ನ ಹಾಗೆ ಖುಷಿಪಡಬೇಡಿ.

ಈಗ ಪಕ್ಕದ ಬೀದಿಯವರೊಬ್ಬರು ಮೂರು ಗಂಟೆ ಮಾತ್ರ ಬರುತ್ತಾರೆ. ಔಷಧಿ ಡಬ್ಬ ಬೀರುವಿನೊಳಗೆ, ಬೀಗದ ಕೈ ನನ್ನ ಹತ್ತಿರ. ಚಿಕ್ಕವನು ಮತ್ತೆ ಒಂದೇ ಗಂಟೆ ಮಲಗುತ್ತಾನೆ.