ಹಲಸಿನ ಕಿಟ್ಟ ಹಿಡಿದ ಬ್ಲೇಡಿಗೆ ನಾಲ್ಕು ಮದ್ದು: ಒಂದು ಹೋಲಿಕೆ

ಬದಿಯಡ್ಕದ ಸಮೀಪವಿರುವ ನನ್ನ ಮರಗೆಲಸದ ಶೆಡ್ಡಿನಲ್ಲಿ ಕಳೆದ ಬೇಸಗೆ ಹಲಸಿನ ದಾರಂದಗಳ ಕೆಲಸ ನಡೆಯುತ್ತಿದ್ದಾಗ, 10 ಇಂಚಿನ ಉಕ್ಕಿನ ತಟ್ಟೆಗೆ ಕಾರ್ಬೈಡ್ ಎಂಬ ಗಡಸು ವಸ್ತುವಿನ 40 ಹಲ್ಲುಗಳನ್ನು ಕೂರಿಸಿದ ಗರಗಸದ ದುಂಡು ಬ್ಲೇಡ್ ಕೊಯ್ದಲ್ಲೆಲ್ಲ ಮರ ಕಪ್ಪಾಗತೊಡಗಿತು. ಮೊಂಡಾಗಿದೆಯೆಂದು ತಿಳಿದು ಅದನ್ನು ಸಾಣೆಗೆ ಮಂಗಳೂರಿಗೆ ಕೊಂಡೊಯ್ಯಲು ಕಟ್ಟಿಯೂ ಇಟ್ಟಿದ್ದೆ. ಬಿಸಿಲಿಗೆ ಹಿಡಿದು ನೋಡಿದರೆ ಹಲ್ಲುಗಳ ಅಂಚು ಹರಿತವಾಗಿಯೇ ಇತ್ತು. ಅವುಗಳ ಎರಡೂ ಬದಿಗಳಲ್ಲಿ ಕಂದು ಬಣ್ಣದ ಕಿಟ್ಟ ದಪ್ಪನೆ ಕಟ್ಟಿತ್ತು. ಬ್ಲೇಡಿನ ತಟ್ಟೆ ಮರಕ್ಕೆ ಉಜ್ಜದಿರಲೆಂದೇ ಹಲ್ಲನ್ನು ತಟ್ಟೆಗಿಂತ ತುಸು ಅಗಲವಾಗಿ ಮಾಡಿರುತ್ತಾರೆ. ಆ ಎಡೆಯಲ್ಲಿ ಕಿಟ್ಟ ತುಂಬಿದರೆ ತಿಕ್ಕಾಟ ಹೆಚ್ಚಿ ಬ್ಲೇಡ್ ಕಾಯುತ್ತದೆ, ಕಾದಷ್ಟೂ ಕಿಟ್ಟ ಇನ್ನಷ್ಟು ಬೆಂದು ಅಂಟಿಕೊಳ್ಳುತ್ತದೆ.

ಯಾವುದರಿಂದ ತೊಳೆಯಬೇಕೆಂಬ ಬಗ್ಗೆ ನಮ್ಮ ಕಡೆಯ ಆಚಾರಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯವಾದ್ದರಿಂದ, ಬ್ಲೇಡನ್ನು ಬಿಚ್ಚಿ, ಹತ್ತು ಹತ್ತು ಹಲ್ಲುಗಳ ನಾಲ್ಕು ಪಾಲು ಮಾಡಿ, ತೆಂಗಿನೆಣ್ಣೆ, ಸೀಮೆಎಣ್ಣೆ, ಪಾಲಿಶಿಗೆ ಬಳಸುವ ಥಿನ್ನರ್ ಹಾಗೂ ಲೀಟರು ಬಿಸಿನೀರಿಗೆ ಎರಡು ದೊಡ್ಡ ಚಮಚದಂತೆ ಕರಗಿಸಿದ ವಾಷಿಂಗ್ ಸೋಡಾ, ಇವುಗಳಲ್ಲಿ ಅದ್ದಿದ ಬಟ್ಟೆಯನ್ನು ಒಂದೊಂದು ಪಾಲಿಗೆ 20 ನಿಮಿಷ ಹೊದಿಸಿಟ್ಟೆ. ಅನಂತರ ಎಲ್ಲವನ್ನೂ ಒಂದೇ ಹಿತ್ತಾಳೆಯ ಬ್ರಷ್ಷಿನಿಂದ ತಿಕ್ಕಿದೆ.

ತೆಂಗಿನೆಣ್ಣೆಯ ಮೇಲೆ ನನಗೆ ಭರವಸೆಯಿತ್ತು, ಏಕೆಂದರೆ ಹಲಸಿನ ಹಣ್ಣನ್ನು ಕೊರೆಯುವಾಗ ಮೇಣ ಹಿಡಿಯದಂತೆ ನಾವು ಕೈಗೂ ಕತ್ತಿಗೂ ಸವರುವುದು ಅದನ್ನೇ. ಆದರೆ ಹಸಿ ಮೇಣ ಬೇರೆ, ಮರದ ಹುಡಿಯೊಡನೆ ಸೇರಿ ಬೆಂದು ಗಟ್ಟಿಯಾದ ಕಿಟ್ಟವೇ ಬೇರೆ. ಎಣ್ಣೆ ಅದರ ಮೇಲೆ ಹೊಳಪನ್ನು ಕೊಟ್ಟಿತಲ್ಲದೆ ಅದನ್ನು ಸಡಿಲಿಸಲಿಲ್ಲ. ಥಿನ್ನರ್ ಕಿಟ್ಟವನ್ನು ಮೆದುಗೊಳಿಸುವ ಮೊದಲೇ ಆರಿತು, ಬ್ಲೇಡಿನ ಮೇಲಿನ ಅಕ್ಷರಗಳನ್ನು ಮಾತ್ರ ಅಳಿಸಿತು. ಬೇಗನೆ ಬೆಂಕಿ ಹಿಡಿಯುವ ಅದನ್ನು ಮರದ ಹುಡಿ ತುಂಬಿದ ಶೆಡ್ಡಿನಲ್ಲಿ ತೆರೆದಿಡುವುದು ನನಗೆ ಸರಿಕಾಣುವುದಿಲ್ಲ.

ಸೀಮೆಎಣ್ಣೆ ಹಾಕಿದ ಪಾಲಿನಲ್ಲಿ ಸುಮಾರು ಅರ್ಧದಷ್ಟು ಕಿಟ್ಟ ಹೋಯಿತು. ಸೋಡಾ ಹಾಕಿದ ಪಾಲಿನಲ್ಲಿ ಕಿಟ್ಟವು ಉಬ್ಬಿ, ನಾಲ್ಕೈದು ಸಲ ತಿಕ್ಕುವಷ್ಟರಲ್ಲಿ ಕಂದು ನೀರಾಗಿ ಇಳಿಯಿತು; ಮರದ ರಾಳದಲ್ಲಿರುವ ಆಮ್ಲಗಳು ಕ್ಷಾರದೊಡನೆ ಸೇರಿ ಸಾಬೂನಿನಂತಾಗಿ ನೀರಿನಲ್ಲಿ ಬಿಟ್ಟುಕೊಳ್ಳುವುದು ಇದಕ್ಕೆ ಕಾರಣ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುವುದರಿಂದ ಪ್ಲಾಸ್ಟಿಕ್ ಬೇಸಿನ್ ಒಳ್ಳೆಯದು. ಮನೆಯಲ್ಲಿ ಸಾಬೂನು ಮಾಡಲು ತಂದ ಕಾಸ್ಟಿಕ್ ಸೋಡಾವನ್ನು ಪರೀಕ್ಷಿಸಲು ನಾನು ಒಪ್ಪಲಿಲ್ಲ, ಏಕೆಂದರೆ ಕಣ್ಣಿಗೂ ಚರ್ಮಕ್ಕೂ ಅದು ಅಪಾಯ, ಬ್ಲೇಡಿನ ಬಣ್ಣದ ಲೇಪವನ್ನೂ ಅದು ಕಿತ್ತುಹಾಕುತ್ತದೆ.

ಸೋಡಾದ ದೋಷವೆಂದರೆ ನೀರು. ಜೂನ್ ತಿಂಗಳಲ್ಲಿ ಹೀಗೆ ತೊಳೆದ ಇನ್ನೊಂದು ಬ್ಲೇಡನ್ನು ಒರೆಸಿ ಗೋಡೆಗೆ ತೂಗಹಾಕಿದ್ದೆ. ಮರುದಿನ ಬೆಳಗ್ಗೆ ಅದರ ತಟ್ಟೆಯ ತುಂಬ ತುಕ್ಕಿನ ಚುಕ್ಕೆಗಳಿದ್ದವು. ಕಾರ್ಬೈಡ್ ಹಲ್ಲಿಗೆ ಇದರಿಂದ ತೊಂದರೆಯಿಲ್ಲವಾದರೂ ಉಕ್ಕಿನ ತಟ್ಟೆಗೆ ಇದೆ. ಆದ್ದರಿಂದ ಮಳೆಗಾಲದಲ್ಲಿ ಅವಸರವಿಲ್ಲದ ಕೆಲಸವಾದರೆ ನಾನು ಸೀಮೆಎಣ್ಣೆಯಲ್ಲೇ ರಾತ್ರಿಯಿಡೀ ನೆನೆಸುತ್ತೇನೆ, ಸಾಗುವಾನಿಯ ಎಣ್ಣೆಜಿಡ್ಡಿಗೂ ಅದೇ ಸಾಕು. ಸೋಡಾ ಬಳಸಿದ ದಿನ ಬ್ಲೇಡನ್ನು ಒಲೆಯ ಬಳಿ ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿಡುತ್ತೇನೆ. ಹೊಸ ಮರಕ್ಕೆ ಎಣ್ಣೆಯ ಕಲೆ ಹತ್ತದಂತೆ ಮೊದಲು ಒಂದು ತುಂಡು ಹಳೆಯ ಹಲಗೆಯನ್ನು ಕೊಯ್ಯಬೇಕು.

ಮರದಲ್ಲಿ ಗಾಡಿಯನ್ನೂ ಅಂಚನ್ನೂ ಕೊರೆಯುವ ರೌಟರ್ ಯಂತ್ರದ ಬಿಟ್ಟುಗಳಲ್ಲಿ (ಕೊರೆಯುವ ಮೊನೆಗಳಲ್ಲಿ) ಸೋಡಾ, ಸೀಮೆಎಣ್ಣೆ ಈ ಎರಡನ್ನಷ್ಟೇ ಹೋಲಿಸಿದೆ. ಪೆರುಂಬಾವೂರಿನಿಂದ ಬರುವ ಪ್ಲೈವುಡ್ಡನ್ನು ಕೊರೆದ ಬಿಟ್ಟಿನ ಮೇಲೆ ಎರಡೂ ನಿಧಾನವಾದವು, ಏಕೆಂದರೆ ಪ್ಲೈವುಡ್ಡಿನ ಅಂಟು ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುವ ಜಾತಿಯದಲ್ಲ. ಸೋಡಾದಲ್ಲಿ ಒಂದು ಗಂಟೆ ನೆನೆಸಿ, ಬಿದಿರಿನ ಕಡ್ಡಿಯನ್ನು ಚೂಪು ಮಾಡಿ ಕೆರೆದಾಗ ಅದು ಪದರಾಗಿ ಎದ್ದು ಬಂತು. ಉಕ್ಕಿನ ಮೊನೆಯಿಂದ ಕೆರೆದರೆ ಪೆಡಸಾದ ಕಾರ್ಬೈಡಿನ ಅಂಚು ಚಕ್ಕೆ ಹಾರುವ ಭಯವಿದೆ. ತುದಿಯಲ್ಲಿ ಬೇರಿಂಗ್ ಇರುವ ಬಿಟ್ಟುಗಳನ್ನು ಮಾತ್ರ ಬೇರಿಂಗ್ ಕಳಚಿಯೇ ಎರಡರಲ್ಲಿ ಯಾವುದಕ್ಕೂ ಹಾಕಬೇಕು, ಇಲ್ಲವಾದರೆ ಅದರೊಳಗಿನ ಗ್ರೀಸು ತೊಳೆದುಹೋಗುತ್ತದೆ.