ಹಿಡಿದುಕೊಂಡ ಹೆಗಲು: ಎಣ್ಣೆ ನೀವುವುದೋ, ಮೇಟ್‌ಲ್ಯಾಂಡೋ, ಮಲ್ಲಿಗನ್ನೋ?

ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ. ನಿಮ್ಮಿಂದ ಆಗುವುದಿಲ್ಲ, ಬೇರೆಯವರು ಮೆಲ್ಲಗೆ ತಿರುಗಿಸಿದರೂ ಅಲ್ಲೇ ನಿಲ್ಲುತ್ತದೆ ಎಂದರೆ ಕೀಲಿನ ಸುತ್ತಲಿನ ಪೊರೆ ಬಿಗಿದಿರುವ ಸಾಧ್ಯತೆ ಹೆಚ್ಚು. ಅದೇ ಫ್ರೋಜನ್ ಶೋಲ್ಡರ್. ಬಿದ್ದ ಮೇಲೆ ಶುರುವಾದ ನೋವಾದರೆ ಮೊದಲು ಎಕ್ಸ್‌ರೇ ಆಗಲಿ. ಇದಕ್ಕೆ ಮಾಡುವ ಕೆಳಗಿನ ಮೂರು ಚಿಕಿತ್ಸೆಗಳನ್ನೂ ಕೈಯಾರೆ ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಬೆಚ್ಚಗಿನ ಎಳ್ಳೆಣ್ಣೆಯನ್ನೋ ಮಹಾನಾರಾಯಣ ತೈಲವನ್ನೋ ಹಚ್ಚಿ ಕುತ್ತಿಗೆ, ಬೆನ್ನಿನ ಮೇಲ್ಭಾಗವನ್ನು 10–15 ನಿಮಿಷ ನೀವಿದರೆ ರಾತ್ರಿ ನಿದ್ದೆ ಸುಧಾರಿಸುತ್ತದೆ. ಆದರೆ ಕೈ ಮೇಲೇಳುವುದಿಲ್ಲ. ಆ ಒತ್ತಡ ಒಳಗಿನ ಪೊರೆಯನ್ನು ಹಿಗ್ಗಿಸುವುದಿಲ್ಲ. ಹೆಗಲಿನ ಮುಂಭಾಗವನ್ನು ಮಾತ್ರ ಜೋರಾಗಿ ಉಜ್ಜಬೇಡಿ. ಅಲ್ಲಿರುವ ಬೈಸೆಪ್ಸ್ ಸ್ನಾಯುರಜ್ಜು ಕೆರಳುತ್ತದೆ.

ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ರೂಪಿಸಿದ ವಿಧಾನ ಸೀದಾ ಕೀಲಿಗೇ ಹೋಗುತ್ತದೆ. ಅಂಗಾತ ಮಲಗಿಸಿ, ಹೆಗಲ ಮೂಳೆಯ ಕೆಳಗೆ ಮಡಚಿದ ಟವೆಲ್ ಇಟ್ಟು, ತೋಳಿನ ಮೂಳೆಯ ತಲೆಯನ್ನು ಲಯಬದ್ಧವಾಗಿ ಹಿಂದಕ್ಕೆ ಜಾರಿಸುವುದು. ಒಂದು ಸಲಕ್ಕೆ 30 ಸೆಕೆಂಡಿನಿಂದ 1 ನಿಮಿಷ. ಎಷ್ಟು ಆಳಕ್ಕೆ ಜಾರಿಸುತ್ತೇವೆ ಎಂಬ ಮಟ್ಟವೇ ಗ್ರೇಡ್. ಗ್ರೇಡ್ 1, 2 ಬಿಗಿತ ಸಿಗುವ ಮೊದಲೇ ನಿಲ್ಲುತ್ತವೆ, ನೋವು ತಗ್ಗಿಸುತ್ತವೆ. ಗ್ರೇಡ್ 3, 4 ಬಿಗಿತದೊಳಗೆ ಹೋಗಿ ಪೊರೆಯನ್ನು ಹಿಗ್ಗಿಸುತ್ತವೆ. ಹೆಚ್ಚಾಗಿ ಕೆಡುವುದು ಕೈ ಇಡುವ ಜಾಗದಲ್ಲಿ. ಕಂಕುಳಿಗೆ ತಾಗುವಷ್ಟು ಹತ್ತಿರ ಹಿಡಿಯದೆ ಮೊಣಕೈ ಕಡೆ ಹಿಡಿದು ಒತ್ತಿದರೆ ಮೂಳೆ ಜಾರುವುದಿಲ್ಲ, ವಾಲುತ್ತದೆ. ರೋಗಿ ಚೀರುತ್ತಾರೆ, ಫಲವೂ ಇಲ್ಲ.

ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಅವರ ವಿಧಾನದಲ್ಲಿ ರೋಗಿ ಕುಳಿತೇ ಇರುತ್ತಾರೆ. ಥೆರಪಿಸ್ಟ್ ಒಂದು ಕೈಯಿಂದ ಹೆಗಲ ಮೂಳೆಯನ್ನು ಹಿಂದಿನಿಂದ ತಡೆದು, ಇನ್ನೊಂದರಿಂದ ತೋಳಿನ ಮೂಳೆಯ ತಲೆಯನ್ನು ಹಿಂದಕ್ಕೂ ಸ್ವಲ್ಪ ಹೊರಕ್ಕೂ ಒತ್ತಿ ಹಿಡಿದಾಗ ರೋಗಿ ತಾವೇ ಕೈ ಎತ್ತಬೇಕು: 10 ಸಲ, 3 ಸುತ್ತು. ನೋವಾಗಲೇಬಾರದು. ನೋವಾದರೆ ಒತ್ತುವ ದಿಕ್ಕನ್ನು ಚೂರು ಬದಲಿಸಿ. ಆಗಲೂ ನೋವಿದ್ದರೆ ಅಂದಿಗೆ ಬಿಡಿ. ಕೈ ಪೂರ್ತಿ ಕೆಳಗಿಳಿಯುವವರೆಗೆ ಒತ್ತಡ ಸಡಿಲಿಸಬೇಡಿ, ಇಳಿಯುವಾಗಲೇ ಚುಳುಕ್ಕೆನ್ನುತ್ತದೆ.

ರಾತ್ರಿ ನೋವಿನಿಂದ ಎಚ್ಚರವಾಗುವ ಹಂತದಲ್ಲಿ ನಮ್ಮ ಆಯ್ಕೆ ಎಣ್ಣೆ ಮತ್ತು ಗ್ರೇಡ್ 1, 2. ನೋವು ಇಳಿದು ಬಿಗಿತವಷ್ಟೇ ಉಳಿದಾಗ ಮೊದಲು ಗ್ರೇಡ್ 3, 4, ಬೆನ್ನಿಗೇ ಮಲ್ಲಿಗನ್. ಹಿಗ್ಗಿದ ಜಾಗವನ್ನು ರೋಗಿಯ ಸ್ವಂತ ಸ್ನಾಯು ಆಗಲೇ ಬಳಸಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಸುಧಾರಣೆ ನಿಧಾನ, ಅವಸರಪಡಿಸಬೇಡಿ. ಚಿಕಿತ್ಸೆಯ ನೋವು ಮರುದಿನ ಬೆಳಿಗ್ಗೆಯೂ ಇದ್ದರೆ ಒತ್ತಡ ಹೆಚ್ಚಾಗಿದೆ. ಮುಂದಿನ ಸಲ ಒಂದು ಗ್ರೇಡ್ ಇಳಿಸಿ. ಮೂಳೆ ಸವೆದ ವಯಸ್ಸಾದವರ ತೋಳನ್ನು ಒಂದೇ ಏಟಿಗೆ ಎಳೆದು ಬಿಡಿಸುತ್ತೇವೆ ಎನ್ನುವವರ ಕೈಗೆ ಕೊಡಲೇಬೇಡಿ, ಮೂಳೆ ಮುರಿಯಬಹುದು.